ಬಾಯಿ ತೆರೆದ ಮೀನಿನ ನಾಣ್ಯ

ಅಧ್ಯಕ್ಷರ ಹಾಗೆ ನಾನು ಕೆಮ್ಮುತ್ತಿರುವಾಗಲೇ ಅಧ್ಯಕ್ಷರು ಒಳಗೆ ಬಂದರು.

ಇಂಥ ಹೊತ್ತಿನಲ್ಲಿ ಮಿಮಿಕ್ರಿ ಮಾಡುವವನಿಗೆ ಉಳಿಯುವುದು ಒಂದೇ ಉಪಾಯ. ನಿಜವಾಗಿಯೂ ಕೆಮ್ಮು ಹಿಡಿದವನಂತೆ ಕೆಮ್ಮುತ್ತಲೇ ಇರುವುದು. ಕಣ್ಣಲ್ಲಿ ನೀರು ಬರುವ ತನಕ ಕೆಮ್ಮಿದೆ. ಅಧ್ಯಕ್ಷರು ಛತ್ರಿಯನ್ನು ಮೂಲೆಗೆ ಒರಗಿಸಿ, ಕುರ್ಚಿ ಎಳೆದು ಕುಳಿತು, ಸಂಗೀತ ಕಚೇರಿಗೆ ಬಂದವರ ಹಾಗೆ ಪೂರ್ತಿ ಕೇಳಿದರು.

"ಕೆಮ್ಮು ಅಡ್ಡಿಲ್ಲೆ ಮಾಣಿ," ಎಂದರು. "ಆದ್ರೆ ಕೆಮ್ಮಿದ ಮೇಲೆ ನಾನು ಕನ್ನಡಕ ಮೇಲೆ ಮಾಡ್ಕತ್ತೆ. ಅದು ಬಿಟ್ಟೆ ನೋಡು."

ನಮ್ಮ ಯಜಮಾನರಾದ ಸಾಹೇಬರು ಬಿದ್ದ ಮೊಳೆ ಹುಡುಕುವವರಂತೆ ಮೇಜಿನ ಕೆಳಗೆ ಬಗ್ಗಿದರು. ಯಾವ ಮೊಳೆಯೂ ಬಿದ್ದಿರಲಿಲ್ಲ. ನಗುವುದಕ್ಕೆ ಅವರಿಗೊಂದು ಜಾಗ ಬೇಕಿತ್ತು.

ಕೊಪ್ಪದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಮ್ಮ ವರ್ಕ್‌ಶಾಪ್. ವಾಲಿಬಾಲ್ ಪಂದ್ಯದ ಕಪ್ಪು, ವಕೀಲರ ಬಾಗಿಲಿನ ಹೆಸರುಫಲಕ, ಶಾಲೆ ಮಕ್ಕಳ ಕೊರಳಿಗೆ ಹಾಕುವ ಪದಕ, ಹೀಗೆ ಲೋಹದಲ್ಲಿ ಆಗುವ ಎಲ್ಲ ಹೆಮ್ಮೆಯನ್ನೂ ನಾವು ತಯಾರಿಸುತ್ತೇವೆ. ಅಚ್ಚು ಕೊರೆಯುವುದು ಸಾಹೇಬರು. ನಾನು ಭಂಡಿಗಡಿಯಿಂದ ಬಸ್ಸಿನಲ್ಲಿ ಬಂದು, ಅವರು ಕೊರೆದ ಅಚ್ಚಿಗೆ ಹೊಳಪು ಕೊಟ್ಟು, ಗಿರಾಕಿ ಹೋದ ಮೇಲೆ ಗಿರಾಕಿಯ ಹಾಗೆ ಮಾತಾಡಿ ಸಾಹೇಬರನ್ನು ನಗಿಸಿ, ಸಂಜೆ ಮನೆಗೆ ಹೋಗುವವನು. ಈ ನಾಲ್ಕರಲ್ಲಿ ನನಗೆ ಚೆನ್ನಾಗಿ ಬರುತ್ತಿದ್ದುದು ಮೂರನೆಯದು.

ಅಧ್ಯಕ್ಷರೆಂದರೆ ಶೃಂಗೇರಿಯ ಅಂಗಡಿಕಾರರ ಬಳಗದ ಅಧ್ಯಕ್ಷರು. ಬಟ್ಟೆ ವ್ಯಾಪಾರ. ತಮ್ಮೂರಿನ ಹೆಸರಿನಲ್ಲಿ ಒಂದು ನೆನಪಿನ ನಾಣ್ಯ ಮಾಡಿಸಿ, ಬಳಗದ ಸಮಾರಂಭದ ದಿನ ಊರಿನ ಪ್ರತಿ ಮನೆಗೂ ಪ್ರತಿ ಅಂಗಡಿಗೂ ಒಂದೊಂದು ಕೊಡಬೇಕೆಂಬುದು ಅವರ ಆಸೆ. ನಾಣ್ಯದ ಮೇಲೆ ಊರಿನ ಮುಖ್ಯ ಸ್ಥಳಗಳು ಇರಬೇಕು. ಯಾವ್ಯಾವುದು ಎಂದು ಸಾಹೇಬರು ಕೇಳಿದರು. ಅಧ್ಯಕ್ಷರು ಬೆರಳು ಮಡಿಸತೊಡಗಿದರು. ಹಳೆಯ ಕಲ್ಲಿನ ದೇವಸ್ಥಾನ, ಅದರೊಳಗಿನ ರಾಶಿ ಕಂಬಗಳು, ದೊಡ್ಡ ಗೋಪುರ, ತುಂಗೆ, ಸ್ನಾನಘಟ್ಟ, ಮೀನು, ಸೇತುವೆ, ಹಿಂದೆ ಗುಡ್ಡ, ಗುಡ್ಡದ ಹಿಂದೆ ಸೂರ್ಯ, ಪೇಟೆ ಬೀದಿ.

"ಪೇಟೆ ಬೀದಿಲಿ ನಿಮ್ಮ ಅಂಗಡಿನೂ ಬರ್ಬೇಕಾ?" ಎಂದೆ ನಾನು.

"ಬಂದ್ರೆ ಬ್ಯಾಡ ಅಂತ್ನಿಲ್ಲೆ," ಎಂದರು ಅಧ್ಯಕ್ಷರು. "ಮತ್ತೆ ಇನ್ನೊಂದು ಬದಿಗೆ 'ಒಂದು ರೂಪಾಯಿ' ಅಂತ ಹಾಕುವ ಅಲ್ದ?"

ಸಾಹೇಬರ ನಗು ನಿಂತಿತು. "ಬೆಲೆ ಹಾಕುವಂಗಿಲ್ಲ, ಸಿಂಹ ಹಾಕುವಂಗಿಲ್ಲ. ಸರ್ಕಾರದ ನಾಣ್ಯದ ಹಂಗೆ ಕಾಣುವಂಗೇ ಇಲ್ಲ. ಹಾಕಿದ್ರೆ ನಾವಿಬ್ರೂ ಜೈಲಲ್ಲಿ ಒಟ್ಟಿಗೆ ಪ್ರೆಸ್ ತಿರುಗಿಸ್ಬಹುದು. ಇದು ನೆನಪಿನ ಬಿಲ್ಲೆ, ಅಷ್ಟೆ."

ಅಧ್ಯಕ್ಷರು ಮುಂಗಡ ಕೊಟ್ಟು ಹೊರಟ ಮೇಲೆ ಸಾಹೇಬರು ಮೂಲೆಯ ತಿರುಪು ಪ್ರೆಸ್ಸಿನ ಹತ್ತಿರ ಹೋಗಿ ನಿಂತರು. ಅದು ಅವರ ತಂದೆಯ ಕಾಲದ್ದು. ಮೇಲೆ ಉದ್ದ ತೋಳು, ತೋಳಿನ ಎರಡು ತುದಿಗೆ ತೆಂಗಿನಕಾಯಿಯಷ್ಟು ದೊಡ್ಡ ಕಬ್ಬಿಣದ ಗುಂಡು. ತೋಳನ್ನು ಬೀಸಿ ಎಳೆದರೆ ತಿರುಪು ಇಳಿದು ಮೇಲಿನ ಅಚ್ಚು ಕೆಳಗಿನ ಅಚ್ಚಿಗೆ ಗುದ್ದುತ್ತದೆ. ನಡುವೆ ಇಟ್ಟ ಲೋಹದ ಬಿಲ್ಲೆ ಎರಡೂ ಕಡೆಯ ಚಿತ್ರವನ್ನು ಹೊತ್ತು ಹೊರಬರುತ್ತದೆ. ಹಿಂದಿನ ವಾರವಷ್ಟೇ ಶಿವಮೊಗ್ಗದಿಂದ ಫ್ಲೆಕ್ಸ್ ಮೆಷಿನ್ ಮಾರುವವನೊಬ್ಬ ಬಂದು ಆ ಮೂಲೆಯನ್ನು ಟೇಪು ಹಿಡಿದು ಅಳೆದು ಹೋಗಿದ್ದ.

"ನೋಡು ಮಾರಾಯ," ಎಂದರು ಸಾಹೇಬರು. "ನನ್ನ ಕಣ್ಣು ಇನ್ನು ಸಣ್ಣ ಕೆಲಸಕ್ಕೆ ಬಗ್ಗುದಿಲ್ಲ. ಈ ಅಚ್ಚು ನೀನೇ ಕೊರೆ. ನೀನು ಕೊರ್ದಿದ್ದು ಸರಿ ಬಂದ್ರೆ ಪ್ರೆಸ್ ಇಲ್ಲೇ ಇರ್ತದೆ. ಬರ್ಲಿಲ್ಲಾಂದ್ರೆ ಅದನ್ನ ಗುಜರಿಗೆ ಹಾಕಿ ಫ್ಲೆಕ್ಸ್ ಮೆಷಿನ್ ತರುವ. ನಿಂಗೆ ಅದ್ರಲ್ಲೂ ಕೆಲಸ ಇದೆ, ಹೆದರ್ಬೇಡ."

ಹೆದರಬೇಡ ಎಂದದ್ದಕ್ಕೇ ಹೆದರಿಕೆಯಾದದ್ದು. ಫ್ಲೆಕ್ಸ್ ಮೆಷಿನ್ನಿನ ಗುಂಡಿ ಒತ್ತಿ, ಹುಟ್ಟುಹಬ್ಬದ ಪುಢಾರಿಗಳ ಹಲ್ಲು ಬಿಳಿ ಮಾಡುತ್ತ ನಾನು ಮುದುಕನಾಗುವುದು ಕಣ್ಣಿಗೆ ಕಟ್ಟಿತು.

ಅಚ್ಚಿನ ಕೆಲಸ ಹೇಳಲು ಸುಲಭ. ಉಕ್ಕಿನ ದಪ್ಪ ತುಂಡನ್ನು ಲೇತಿನಲ್ಲಿ ದುಂಡಗೆ ಮಾಡಿ, ಮುಖ ಸವರಿ, ಅದರಲ್ಲಿ ಚಿತ್ರವನ್ನು ತಗ್ಗಾಗಿ ಕೊರೆಯಬೇಕು. ನಾಣ್ಯದಲ್ಲಿ ಯಾವುದು ಉಬ್ಬಬೇಕೋ ಅದು ಅಚ್ಚಿನಲ್ಲಿ ಗುಳಿ. ಉಕ್ಕು ಮೆತ್ತಗಿರುವಾಗಲೇ ಕೊರೆದು ಮುಗಿಸಿ, ಆಮೇಲೆ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಗಟ್ಟಿಯಾಗುತ್ತದೆ. ಎದುರಿಗೊಂದು, ಬೆನ್ನಿಗೊಂದು, ಎರಡು ಅಚ್ಚು.

ನಾನು ಅಧ್ಯಕ್ಷರು ಹೇಳಿದ್ದನ್ನೆಲ್ಲ ಕೊರೆದೆ. ಎದುರು ಮುಖದಲ್ಲಿ ದೇವಸ್ಥಾನ, ಮುಂದೆ ಹೊಳೆ, ಹೊಳೆಯಲ್ಲಿ ಮೀನು, ಹಿಂದೆ ಗುಡ್ಡ, ಸೂರ್ಯ. ಬೆನ್ನಿಗೆ ಗೋಪುರ, ಸೇತುವೆ, ಪೇಟೆ ಬೀದಿ. ಭೂತಗನ್ನಡಿಯಲ್ಲಿ ನೋಡಿದರೆ ಅಧ್ಯಕ್ಷರ ಅಂಗಡಿಯ ಬಾಗಿಲೂ ಕಾಣುತ್ತಿತ್ತು. ಬೇಕಂತಲೇ ಒಂದು ಬಾಗಿಲು ಮುಚ್ಚಿದ ಹಾಗೆ ಕೊರೆದಿದ್ದೆ. ಕತ್ತು ನೆಟ್ಟಗಾಗದಷ್ಟು ದಿನ ಬಗ್ಗಿ ಕುಳಿತೆ. ಬಸ್ಸಿನಲ್ಲಿ ಹೋಗುವಾಗ ಜನ, "ಎಂತ ಮಾರಾಯ, ಎಂತ ಕಳ್ಕಂಡಿದ್ದೆ ಕೆಳಗೆ?" ಎಂದು ಕೇಳುತ್ತಿದ್ದರು.

ಗಟ್ಟಿ ಮಾಡಿ, ಪ್ರೆಸ್ಸಿಗೆ ಏರಿಸಿ, ಹಿತ್ತಾಳೆಯ ಬಿಲ್ಲೆಯೊಂದನ್ನು ಹುಣಸೆ ನೀರಿನಲ್ಲಿ ತೊಳೆದು ನಡುವೆ ಇಟ್ಟು ತೋಳು ಬೀಸಿದೆವು. ಹೊರಗೆ ತೆಗೆದ ನಾಣ್ಯವನ್ನು ಸಾಹೇಬರು ಬೆಳಕಿಗೆ ಹಿಡಿದರು.

"ಇದು ಎಂತ?"

"ದೇವಸ್ಥಾನ."

"ನಾನು ಕಡುಬು ಅಂತ ಮಾಡಿದೆ."

ತಪ್ಪಿಲ್ಲ. ದೇವಸ್ಥಾನದ ಅಂಚುಗಳೆಲ್ಲ ಕರಗಿ, ಹಬೆಯಲ್ಲಿ ಬೆಂದ ಕಡುಬಿನ ಹಾಗೆ ಉಬ್ಬಿತ್ತು. ಹಿಂದಿನ ಗೋಪುರದ ತಲೆಯೇ ಮೂಡಿರಲಿಲ್ಲ. ಬಿಲ್ಲೆಯನ್ನು ಕಾಯಿಸಿ ಮೆತ್ತಗೆ ಮಾಡಿ ಎರಡನೇ ಸಲ ಗುದ್ದಿದೆವು. ಕಡುಬು ಸ್ವಲ್ಪ ಹೆಚ್ಚು ಬೆಂದಂತೆ ಕಂಡಿತೇ ಹೊರತು ದೇವಸ್ಥಾನವಾಗಲಿಲ್ಲ. ಕಾರಣ ಸಾಹೇಬರಿಗೆ ಗೊತ್ತಿತ್ತು, ನನಗೂ ಗೊತ್ತಿರಬೇಕಿತ್ತು. ಎದುರಿನ ಆಳದ ಗುಳಿಯ ಬೆನ್ನಿಗೇ ಹಿಂದೆಯೂ ಆಳದ ಗುಳಿ ಇದ್ದರೆ ಲೋಹ ಎರಡೂ ಕಡೆ ಓಡಿ ತುಂಬಲಾರದು. ದೇವಸ್ಥಾನವೂ ಗೋಪುರವೂ ಬೆನ್ನಿಗೆ ಬೆನ್ನು ಕೊಟ್ಟು ಜಗಳಕ್ಕೆ ನಿಂತಿದ್ದವು. ಇದ್ದದ್ದು ಒಂದು ಬಿಲ್ಲೆಯಷ್ಟೇ ಲೋಹ.

"ಅಚ್ಚಿನ ಒಳಗೆ ಇನ್ನೂ ನುಣ್ಣಗೆ ಪಾಲಿಶ್ ಹಿಡಿ. ಜಾರಿ ತುಂಬಿದ್ರೂ ತುಂಬ್ಬಹುದು," ಎಂದು ಸಾಹೇಬರು ಹೇಳಿ, ನರಸಿಂಹರಾಜಪುರದಲ್ಲಿ ನೆಂಟರ ಮದುವೆಗೆ ಹೋದರು.

ನಾನು ಹಿಡಿದೆ. ಅಚ್ಚಿನಲ್ಲಿ ನನ್ನ ಮೂಗಿನ ಕೂದಲು ಕಾಣುವಷ್ಟು ಹೊಳಪು ಬಂತು. ಆ ಹೊಳಪನ್ನು ಸಾಹೇಬರಿಗೆ ತೋರಿಸಬೇಕೆಂದು, ಗ್ರೀಸು ಬಳಿಯದೆ, ಪೆಟ್ರೋಲಿನಲ್ಲಿ ಚೊಕ್ಕ ಒರೆಸಿ ಇಟ್ಟೆ. ಬರಿಯ ಉಕ್ಕನ್ನು ನಮ್ಮ ಕಡೆಯ ಗಾಳಿಗೆ ಬಿಟ್ಟರೆ ಬೆಳಗಾಗುವುದರೊಳಗೆ ತುಕ್ಕು. ಏನಾದರೂ ಸುತ್ತಬೇಕು. ಸುತ್ತಲು ಹುಡುಕಿದರೆ, ಅಮ್ಮ ರೊಟ್ಟಿ ಕಟ್ಟಿಕೊಟ್ಟ ಅಡಿಕೆ ಹಾಳೆ ಕಂಡಿತು.

ನಮ್ಮಲ್ಲಿ ಹಾಳೆಯಲ್ಲಿ ಸುತ್ತದ ವಸ್ತುವಿಲ್ಲ. ಬೆಲ್ಲ, ಉಪ್ಪಿನಕಾಯಿ, ಊಟ, ಕೆಲವೊಮ್ಮೆ ಮಗು. ಹಾಳೆ ಒಣಗಿದ್ದರೆ ಮಡಚುವಾಗ ಸೀಳುತ್ತದೆ, ಅದಕ್ಕೆ ಮೊದಲು ನೀರಿನಲ್ಲಿ ನೆನೆಸಬೇಕು. ಹುಟ್ಟಿದಾಗಿನಿಂದ ನೋಡಿದ ವಿದ್ಯೆ. ನೆನೆಸಿದೆ, ನಾಲ್ಕೂ ಕಡೆ ಚಂದಕ್ಕೆ ಮಡಚಿದೆ, ಅಚ್ಚುಗಳನ್ನು ಒಳಗಿಟ್ಟು ಬಾಳೆನಾರಿನಲ್ಲಿ ಕಟ್ಟಿದೆ. ಕಟ್ಟಿನ ಅಂದ ನೋಡಿ ಫೋಟೊ ಕೂಡ ತೆಗೆದೆ.

ಮದುವೆ ಮುಗಿಸಿ ಬಂದ ಸಾಹೇಬರ ಎದುರಿಗೆ ಕಟ್ಟು ಬಿಚ್ಚಿದಾಗ ಒಳಗೆ ಇದ್ದುದು ಎರಡು ಜಂಬುನೇರಳೆ ಬಣ್ಣದ ಗಡ್ಡೆಗಳು. ಹಾಳೆಯ ಚೊಗರು ನೀರಿನಲ್ಲಿ ಬಿಟ್ಟು ಉಕ್ಕನ್ನು ಹಿಡಿದಿತ್ತು. ಅಡಿಕೆ ಸುಲಿಯುವವರ ಕತ್ತಿ ಯಾಕೆ ಕಪ್ಪಗಿರುತ್ತದೆ ಎಂದು ನಮ್ಮ ತಾಲೂಕಿನ ಕೂಸುಮರಿಗೂ ಗೊತ್ತು. ನನಗೂ ಗೊತ್ತಿತ್ತು. ಹಾಳೆ ನೆನೆಸುವ ಕೈಗೆ ಮಾತ್ರ ಗೊತ್ತಿರಲಿಲ್ಲ. ಒರೆಸಿದರೆ ಬಣ್ಣ ಹೋಯಿತು, ಆದರೆ ಬಣ್ಣದ ಕೆಳಗೆ ಉಕ್ಕು ಸಿಡುಬು ಬಂದವರ ಮುಖದ ಹಾಗೆ ತೂತು ತೂತಾಗಿತ್ತು. ಅದನ್ನು ತಿಕ್ಕಿ ನಯ ಮಾಡಲು ಹೋದರೆ ಚಿತ್ರವೇ ಅಳಿಯುತ್ತದೆ.

ಸಾಹೇಬರು ಬೈಯಲಿಲ್ಲ. ಹಾಳೆಯನ್ನು ತಿರುಗಿಸಿ ನೋಡಿ, "ಮಡಿಕೆ ಚಂದ ಹಾಕಿದೀಯ," ಎಂದರು. ಆಮೇಲೆ ಅಚ್ಚುಗಳನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಭತ್ತದ ಉಮಿಯ ಬೂದಿಯೊಳಗೆ ಹೂತರು. ಬೂದಿಯಲ್ಲಿ ನಿಧಾನಕ್ಕೆ ತಣಿದರೆ ಉಕ್ಕು ಮತ್ತೆ ಮೆತ್ತಗಾಗುತ್ತದೆ, ಮುಖ ಸವರಿ ಹೊಸದಾಗಿ ಕೊರೆಯಬಹುದು. ಬೇರೆ ಉಕ್ಕು ತರಿಸುವಷ್ಟು ಸಮಯ ಇರಲಿಲ್ಲ.

"ಕೊರ್ದ್ರೂ ಮತ್ತೆ ಅದೇ ಕಡುಬು ಬರ್ತದೆ," ಎಂದರು ಬೂದಿ ಮುಚ್ಚುತ್ತ. "ಅಧ್ಯಕ್ಷರಿಗೆ ಹೋಗಿ ಹೇಳಿ ಬಾ. ಬೇಕಾದ್ರೆ ಬೆಂಗಳೂರಲ್ಲಿ ಮಾಡಿಸ್ಲಿ. ಅಲ್ಲಿ ದೊಡ್ಡ ಪ್ರೆಸ್ ಇರ್ತದೆ."

ಹೇಳಿ ಬಾ ಎಂದರೆ ಸೋತೆವು ಎಂದು ಹೇಳಿ ಬಾ. ಶೃಂಗೇರಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅಧ್ಯಕ್ಷರಿಗೆ ಹೇಳಬೇಕಾದ ಮಾತನ್ನು ನನ್ನ ಸ್ವರದಲ್ಲಿ ಅಭ್ಯಾಸ ಮಾಡಿದೆ. ಬೇರೆ ಎಲ್ಲರ ಸ್ವರ ಬರುತ್ತಿತ್ತು, ಅದೊಂದೇ ಬರಲಿಲ್ಲ.

ಅಧ್ಯಕ್ಷರ ಅಂಗಡಿ ಊಟಕ್ಕೆಂದು ಮುಚ್ಚಿತ್ತು. ಹೊಳೆ ಮೆಟ್ಟಿಲಿಗೆ ಹೋಗಿ ಕುಳಿತೆ. ಮೀನುಗಳಿಗೆ ಹಾಕಲು ಮಂಡಕ್ಕಿ ಮಾರುವ ಹೆಂಗಸೊಬ್ಬಳು ಬುಟ್ಟಿ ಇಟ್ಟುಕೊಂಡಿದ್ದಳು.

"ಎಂತ ಮುಖ ಹಂಗೆ? ಪರೀಕ್ಷೆ ಫೇಲಾ?" ಎಂದಳು.

"ಇನ್ನೂ ಆಗ್ಲಿಲ್ಲ. ನಿಮ್ಮೂರಿನ ಅಧ್ಯಕ್ಷರು ಬಂದು ಮಾಡ್ತಾರೆ."

"ಯಾವ ಅಧ್ಯಕ್ಷರು? ಈ ಊರಲ್ಲಿ ಎಲ್ಲರೂ ಎಂತದಕ್ಕೋ ಅಧ್ಯಕ್ಷರೇ."

ನಾನು ಹೆಸರು ಹೇಳಲಿಲ್ಲ. ಸುಮ್ಮನೆ ಕೆಮ್ಮಿ, ಇಲ್ಲದ ಕನ್ನಡಕವನ್ನು ಮೇಲೆ ಮಾಡಿಕೊಂಡೆ.

ಅವಳು ನಕ್ಕ ನಗುವಿಗೆ ಬುಟ್ಟಿಯಿಂದ ಮಂಡಕ್ಕಿ ಚೆಲ್ಲಿತು. "ಬಟ್ಟೆ ಅಂಗಡಿಯವ್ರು! ಅಯ್ಯೋ, ಅವ್ರು ಎದುರಿಗೆ ಕೂತಂಗಾಯ್ತು ಮಾರಾಯ!"

ಅವರ ಬೋಳು ತಲೆಯನ್ನಾಗಲೀ ಜುಬ್ಬವನ್ನಾಗಲೀ ನಾನು ತೋರಿಸಿರಲಿಲ್ಲ. ಬರೀ ಒಂದು ಕೆಮ್ಮು, ಒಂದು ಬೆರಳು. ಪೂರ್ತಿ ಮನುಷ್ಯ ಬಂದು ಕುಳಿತಿದ್ದ. ಮಿಮಿಕ್ರಿಯಲ್ಲಿ ಇದು ಮೊದಲ ಪಾಠ. ಒಬ್ಬರನ್ನು ಪೂರ್ತಿ ಮಾಡಲು ಹೋದವನು ಯಾರನ್ನೂ ಮಾಡುವುದಿಲ್ಲ. ಒಂದು ಎಳೆ ಹಿಡಿಯಬೇಕು, ಉಳಿದದ್ದನ್ನು ಕೇಳುವವರೇ ತಂದುಕೊಳ್ಳುತ್ತಾರೆ. ಬಾಯಲ್ಲಿ ದಿನವೂ ಮಾಡುವ ಈ ಕೆಲಸವನ್ನು ಉಳಿಯಲ್ಲಿ ಮಾಡಲು ನನಗೆ ಹೊಳೆದೇ ಇರಲಿಲ್ಲ. ಇಡೀ ಊರನ್ನು ಒಂದು ಬಿಲ್ಲೆಯೊಳಗೆ ತುರುಕಿ, ಕಡುಬು ಬಂತೆಂದು ಅಳುತ್ತಿದ್ದೆ.

ಎದ್ದು ಕಲ್ಲಿನ ದೇವಸ್ಥಾನವನ್ನು ಸುತ್ತು ಹಾಕಿದೆ. ಎಷ್ಟೋ ಸಲ ಬಂದ ಜಾಗ. ಈ ಸಲ ಕೇಳಿದ ಪ್ರಶ್ನೆ ಬೇರೆ: ಇದನ್ನು ಮಿಮಿಕ್ರಿ ಮಾಡುವುದಾದರೆ ಎಲ್ಲಿ ಹಿಡಿಯಬೇಕು? ಮೇಲೆ ನೋಡಿದೆ. ಸೂರಿನ ಮೂಲೆಯಿಂದ ಕಲ್ಲಿನ ಸರಪಳಿ ಇಳಿದಿತ್ತು. ಒಂದರೊಳಗೊಂದು ಬಳೆ, ಎಲ್ಲವೂ ಕಲ್ಲು. ಶಾಲೆ ಪ್ರವಾಸಕ್ಕೆ ಬಂದಾಗ ಮಕ್ಕಳೆಲ್ಲ ಕತ್ತೆತ್ತಿ ಬಾಯಿ ಬಿಟ್ಟು ನೋಡುತ್ತಿದ್ದುದು ಅದನ್ನೇ. ಹೊಳೆಗೆ ಮೀನು, ದೇವಸ್ಥಾನಕ್ಕೆ ಸರಪಳಿ. ನಾಣ್ಯದ ಅಂಚು ಹೇಗೂ ದುಂಡಗೆ. ಸರಪಳಿ ಅದರ ಸುತ್ತ ಹೋಗಲಿ, ನಡುವೆ ಮೀನು ಇರಲಿ, ಬೆನ್ನಿಗೆ ಬರಿಯ ಊರಿನ ಹೆಸರು. ಬೆನ್ನು ಚಪ್ಪಟೆ ಇದ್ದರೆ ಲೋಹವೆಲ್ಲ ಎದುರಿಗೆ ಓಡುತ್ತದೆ.

ಅಧ್ಯಕ್ಷರ ಅಂಗಡಿ ತೆರೆಯಿತು. ಸೋತೆವೆಂದು ಹೇಳಲು ಬಂದವನು, "ಒಂದು ಹೊಸ ಮಾದರಿ ಮಾಡ್ತಿದೀವಿ, ನೋಡಕ್ಕೆ ಕೊಪ್ಪಕ್ಕೆ ಬನ್ನಿ," ಎಂದುಬಿಟ್ಟೆ.

"ಗೋಪುರ ಇದ್ದಲ?"

"ಬಂದು ನೋಡಿ."

"ಸೇತುವೆ?"

"ಬಸ್ಸು ಬಂತು ನಂದು," ಎಂದು ಓಡಿದೆ.

ಸಾಹೇಬರಿಗೆ ಹೇಳಿದಾಗ ಅವರು ಬಹಳ ಹೊತ್ತು ಗಡ್ಡ ಕೆರೆದುಕೊಂಡರು. "ಉಕ್ಕು ಮುಟ್ಬೇಡ. ಮೊದ್ಲು ಬಳಪದ ಕಲ್ಲಲ್ಲಿ ಕೊರ್ದು ತವರ ಹೊಯ್ದು ತೋರ್ಸು," ಎಂದರು. ಬಳಪದ ಕಲ್ಲು ಉಗುರಿಗೂ ಬಗ್ಗುತ್ತದೆ. ಕೊರೆದು, ತವರ ಕರಗಿಸಿ ಹೊಯ್ದೆ. ಬೆಳ್ಳಿಯ ಹಾಗೆ ಹೊಳೆಯುವ ನಾಣ್ಯ ಬಂತು. ಸುತ್ತ ಸರಪಳಿ, ನಡುವೆ ಮೀನು, ಬೆನ್ನು ಇನ್ನೂ ಖಾಲಿ.

ಅಧ್ಯಕ್ಷರು ಬಂದರು, ನೋಡಿದರು, ಕೆಮ್ಮಲು ಕೂಡ ಮರೆತರು.

"ಊರು ಎಲ್ಲೋ ಮಾಣಿ? ಇದು ಮೀನು."

ನಾನು ಕೆಮ್ಮಿನ ಸಿದ್ಧಾಂತವನ್ನು ವಿವರಿಸಿದೆ. ಅವರ ಕೆಮ್ಮು ಎಂದು ಹೇಳಲಿಲ್ಲ, ಸಾಮಾನ್ಯವಾಗಿ ಕೆಮ್ಮು ಎಂದೆ. ಅವರು ಕೇಳಿ, "ನೀ ಹೇಳುದು ನಂಗೆ ಬ್ಯಾಡ. ಬಸ್ ಸ್ಟ್ಯಾಂಡಲ್ಲಿ ನಾಕು ಜನಕ್ಕೆ ತೋರ್ಸುವ. ಊರಿನ ಹೆಸರು ಹೇಳುದು ಬ್ಯಾಡ. ಅವೇ ಗುರುತು ಹಿಡಿದ್ರೆ ಒಪ್ಪತ್ತೆ," ಎಂದು ಛತ್ರಿ ಹಿಡಿದು ಹೊರಟೇಬಿಟ್ಟರು. ನಾವು ಹಿಂದೆ.

ಮೊದಲು ಸಿಕ್ಕಿದವನು ಆಟೋದವನು. ನಾಣ್ಯವನ್ನು ಅಂಗೈಯಲ್ಲಿ ಹಾಕಿದೆ. "ಇದು ಎಂತ ಅಂತ ಹೇಳು ನೋಡುವ."

ಅವನು ಒಂದು ಕಡೆ ನೋಡಿ, ಇನ್ನೊಂದು ಕಡೆ ನೋಡಿದ. "ಮೀನಂಗಡಿ ಟೋಕನ್ನಾ? ಎಲ್ಲಿ ಓಪನ್ ಆಗಿದ್ದು?"

ಅಧ್ಯಕ್ಷರು ಕಣ್ಣು ಮುಚ್ಚಿದರು. ಮನೆಯಲ್ಲಿ ಬೆಳ್ಳುಳ್ಳಿಯನ್ನೂ ತರಿಸದ ಮನುಷ್ಯ. ತಮ್ಮ ಊರಿನ ಪ್ರತಿ ಮನೆಗೂ ಹೋಗಿ ಮೀನಂಗಡಿ ಟೋಕನ್ನು ಹಂಚುವುದು ಅವರ ಕಣ್ಣ ಮುಂದೆ ಬಂದಿರಬೇಕು. ನನಗಂತೂ ಬಂತು. ಭೂಮಿ ಬಾಯಿ ಬಿಡಬಾರದೇ ಎನಿಸಿತು, ಜೊತೆಗೆ ನಗುವೂ ಬಂತು. ಎರಡನ್ನೂ ಒಟ್ಟಿಗೆ ನುಂಗಿದ್ದಕ್ಕೆ ಬಿಕ್ಕಳಿಕೆ ಹಿಡಿಯಿತು.

ಸಾಹೇಬರು ಆಟೋದವನ ಕೈಯಿಂದ ನಾಣ್ಯ ತೆಗೆದುಕೊಂಡರು. ದೂರ ಹಿಡಿದು ನೋಡಿದರು.

"ಅವನದ್ದು ತಪ್ಪಿಲ್ಲ," ಎಂದರು. "ನೀನು ಹೊಳೆ ಬದಿಗೆ ಹೋಗಿದ್ದಾ, ಸಂತೆಗಾ?"

"ಹೊಳೆ ಬದಿಗೇ."

"ಅಲ್ಲಿ ಮೀನು ಹೆಂಗೆ ಕಂಡ್ತು ನಿಂಗೆ? ಹಿಂಗೆ ಅಡ್ಡ ಮಲಗಿತ್ತಾ? ಅಡ್ಡ ಮಲಗುದು ತಕ್ಕಡಿಲಿ, ಇಲ್ಲಾ ನಮ್ಮನೆ ಬಾಣಲೆಲಿ."

ನಾನು ಬಾಯಿ ತೆರೆದೆ, ಮುಚ್ಚಿದೆ, ಮತ್ತೆ ತೆರೆದೆ.

"ಹಾಂ," ಎಂದರು ಸಾಹೇಬರು. "ಅದೇ. ಈಗ ನೀನು ಮಾಡ್ತಿದ್ದೀಯಲ್ಲ, ಅದನ್ನೇ ಕೊರೆ."

ಮೆಟ್ಟಿಲ ಮೇಲೆ ನಿಂತು ನೋಡುವವರಿಗೆ ಆ ಮೀನುಗಳ ಪಕ್ಕ ಎಂದೂ ಕಾಣುವುದಿಲ್ಲ. ಮೇಲಿನಿಂದ ಕಾಣುವುದು ಕಪ್ಪು ಬೆನ್ನು, ಮತ್ತೆ ನೀರಿನಿಂದ ಮೇಲೆ ಬಂದು ಮಂಡಕ್ಕಿಗೆ ತೆರೆದ ದುಂಡು ಬಾಯಿ. ಒಂದರ ಮೇಲೊಂದು ಬಿದ್ದು, ನೂಕಿಕೊಂಡು, ಬಾಯಿ, ಬಾಯಿ, ಬಾಯಿ. ಬಸ್ಸಿಗೆ ಹತ್ತುವ ಜನರ ಹಾಗೆ. ಎಲ್ಲರ ಹಾಗೆ ಮಾಡಬಲ್ಲೆನೆಂದು ಬೀಗುವವನು, ಅಷ್ಟು ಹೊತ್ತು ಹೊಳೆ ಬದಿಯಲ್ಲಿ ಕುಳಿತು, ಕೊನೆಗೆ ಒಂದನೇ ಕ್ಲಾಸಿನ ಪುಸ್ತಕದ ಮೀನನ್ನು ಕೊರೆದಿದ್ದೆ.

ಅಧ್ಯಕ್ಷರನ್ನು ಹೋಟೆಲಿನಲ್ಲಿ ಕಾಫಿಗೆ ಕೂರಿಸಿ, ಕಲ್ಲಿನ ಇನ್ನೊಂದು ಮಗ್ಗುಲಲ್ಲಿ ಕೊರೆದೆ. ಬಳಪದ ಕಲ್ಲು ಅಷ್ಟು ಅವಸರ ತಡೆಯುತ್ತದೆ. ಕೆಳಗೆ ಮೆಟ್ಟಿಲಿನ ಎರಡು ಗೆರೆ, ನಡುವೆ ಮೇಲೆ ನೋಡುತ್ತಿರುವ ಮೂರು ಬಾಯಿ, ನಡುವಿನದ್ದು ಎಲ್ಲಕ್ಕಿಂತ ದೊಡ್ಡದು, ತುಟಿಯ ಹತ್ತಿರ ಒಂದೇ ಒಂದು ಮಂಡಕ್ಕಿ ಕಾಳು. ಸುತ್ತ ಸರಪಳಿ. ತವರ ಆರುವ ಮೊದಲೇ ಒದ್ದೆ ಬಟ್ಟೆಯಲ್ಲಿ ಹಿಡಿದುಕೊಂಡು ಓಡಿದೆ. ಅಧ್ಯಕ್ಷರು ಎರಡನೇ ಕಾಫಿಯಲ್ಲಿದ್ದರು.

ಶೃಂಗೇರಿ ಕಡೆಯ ಬಸ್ಸು ನಿಂತಿತ್ತು. ಕಂಡಕ್ಟರು ಬಾಗಿಲಲ್ಲಿ ಒರಗಿ ಚಿಲ್ಲರೆ ಎಣಿಸುತ್ತಿದ್ದ. ಅಧ್ಯಕ್ಷರೇ ಈ ಸಲ ನಾಣ್ಯವನ್ನು ಅವನ ಕೈಗೆ ಹಾಕಿ ಸುಮ್ಮನೆ ನಿಂತರು.

"ಇದು ನಡ್ಯುದಿಲ್ಲ, ಬೇರೆ ಕೊಡಿ," ಎಂದ ಕಂಡಕ್ಟರು, ಅಭ್ಯಾಸಬಲದಿಂದ. ಆಮೇಲೆ ನೋಡಿದ. ಹೆಬ್ಬೆರಳು ತಾನಾಗಿ ಅಂಚಿನ ಮೇಲೆ ಒಂದು ಸುತ್ತು ಹೋಯಿತು. ನಡುವೆ ಬಂದು ನಿಂತಿತು. ಅವನ ಬಾಯಿಯೂ ಮೀನಿನ ಹಾಗೆಯೇ ಸ್ವಲ್ಪ ತೆರೆಯಿತು.

"ಹೋಯ್," ಎಂದ ಬಸ್ಸಿನೊಳಗೆ ತಿರುಗಿ, ಡ್ರೈವರಿಗೆ ಕೇಳುವ ಹಾಗೆ. "ಇಲ್ನೋಡು ಮಾರಾಯ, ನಮ್ಮ ಹೊಳೆ ಮೀನು! ಮಂಡಕ್ಕಿ ತಿಂತಿದೆ!" ಮತ್ತೆ ಅಧ್ಯಕ್ಷರಿಗೆ, "ಇದು ದೇವಸ್ಥಾನದ ಸರಪಳಿ ಅಲ್ವನ್ರೀ? ಶೃಂಗೇರಿದು? ಎಲ್ಲಿ ಸಿಕ್ತದೆ ಇದು? ನಮ್ಮನೆ ಕೂಸಿಗೊಂದು ಬೇಕಿತ್ತಲ್ಲ."

ನಾಣ್ಯ ಬಸ್ಸಿನೊಳಗೆ ಸೀಟಿನಿಂದ ಸೀಟಿಗೆ ಹೋಯಿತು. ಅದು ವಾಪಸ್ ಬರುವ ತನಕ ಬಸ್ಸು ಹೊರಡಲಿಲ್ಲ. ಅಧ್ಯಕ್ಷರು ನಾಣ್ಯವನ್ನು ಜುಬ್ಬದ ಜೇಬಿಗೆ ಹಾಕಿಕೊಂಡು, "ನನ್ನ ಅಂಗಡಿ ಮಾತ್ರ ಬರಲ್ಲೆ," ಎಂದರು.

"ಬಂದಿದೆ," ಎಂದೆ. "ಆ ದೊಡ್ಡ ಬಾಯಿ."

ಛತ್ರಿಯಲ್ಲಿ ಒಂದು ಬಿತ್ತು ಬೆನ್ನಿಗೆ. ಒಪ್ಪಿಗೆ ಎಂದು ತಿಳಿದೆ.

ಇನ್ನು ಉಕ್ಕು. ಬೂದಿಯಿಂದ ತೆಗೆದ ಅಚ್ಚುಗಳ ಮುಖ ಸವರಿ ಹೊಸದಾಗಿ ಕೊರೆದೆ. ಈ ಸಲ ಕೊರೆಯುವುದು ಕಡಿಮೆ, ಬಿಡುವುದು ಹೆಚ್ಚು. ಬಿಡುವುದಕ್ಕೇ ಧೈರ್ಯ ಬೇಕು ಎಂದು ಆಗ ಗೊತ್ತಾಯಿತು. ಖಾಲಿ ಜಾಗ ಕಂಡರೆ ಉಳಿಗೆ ತುರಿಕೆ. ಸಾಹೇಬರು ಹಿಂದೆ ನಿಂತು, "ಸಾಕು. ಕೈ ತೆಗಿ," ಎನ್ನುವರು. ನಾನು ಅವರದೇ ಸ್ವರದಲ್ಲಿ, "ಸಾಕು, ಕೈ ತೆಗಿ," ಎಂದುಕೊಂಡು ತೆಗೆಯುವೆ.

ಗಟ್ಟಿ ಮಾಡುವುದೇ ಕೊನೆಯ ಗಂಡಾಂತರ. ಒಮ್ಮೆ ಗಟ್ಟಿ ಮಾಡಿ ಮೆತ್ತಗೆ ಮಾಡಿದ ಉಕ್ಕು ಎರಡನೇ ಸಲ ಎಣ್ಣೆಗೆ ಬಿದ್ದಾಗ ಸೀಳಿದರೆ ಮುಗಿಯಿತು. ಇದ್ದಿಲ ಕುಲುಮೆಯಲ್ಲಿ ಅಚ್ಚು ಕಾಯುತ್ತಿತ್ತು. ಸಾಹೇಬರ ಲೆಕ್ಕ ಒಂದೇ: ಹಣ್ಣಡಿಕೆಯ ಬಣ್ಣ ಬರಬೇಕು, ಅದನ್ನು ದಾಟಿ ನಿಂಬೆಹಣ್ಣಿಗೆ ಹೋಗಬಾರದು. ಬಣ್ಣ ಹೇಳುವುದು ಅವರು, ಇಕ್ಕಳ ಹಿಡಿದವನು ನಾನು. "ಈಗ," ಎಂದರು. ಅದ್ದಿದೆ. ಎಣ್ಣೆ ಭುಸುಗುಟ್ಟಿತು, ಹೊಗೆ ಎದ್ದಿತು. ಆಮೇಲೆ, ಸ್ಪಷ್ಟವಾಗಿ, 'ಟಿಕ್'.

ಉಕ್ಕು ಸೀಳುವಾಗ ಬರುವ ಸದ್ದು ಅದೇ.

ಸಾಹೇಬರು ನನ್ನನ್ನೇ ನೋಡಿದರು. "ನೀನಾ ಮಾಡಿದ್ದು?"

"ಅಲ್ಲ ಸಾಹೇಬ್ರೇ! ಅಮ್ಮನಾಣೆ!"

ಜನ್ಮದಲ್ಲಿ ಮೊದಲ ಸಲ ಮಿಮಿಕ್ರಿ ನನ್ನದಾಗಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು. ಅಚ್ಚನ್ನು ಮೇಲೆತ್ತಿ, ಒರೆಸಿ, ಭೂತಗನ್ನಡಿ ಹಿಡಿದೆವು. ಬಾಯಿಗಳು ಸರಿ ಇವೆ. ಸರಪಳಿಯ ಒಂದೊಂದೇ ಬಳೆ ನೋಡುತ್ತ ಹೋದೆವು. ಎಲ್ಲೂ ಗೆರೆ ಇಲ್ಲ. ಅಚ್ಚನ್ನು ಕೆಳಗಿಡುವಾಗ ಇಕ್ಕಳದ ಒಂದು ಕಾಲು ಕಳಚಿ ನೆಲಕ್ಕೆ ಬಿತ್ತು. ಅದರ ತಿರುಗುಮೊಳೆ ತುಂಡಾಗಿತ್ತು. ಸೀಳಿದ್ದು ಇಕ್ಕಳ. ಸಾಹೇಬರು ಆ ಮೊಳೆಯ ತುಂಡನ್ನು ಎತ್ತಿಕೊಂಡು, ಈ ಸಲ ಮೇಜಿನ ಕೆಳಗೆ ಬಗ್ಗದೆಯೇ, ಎಲ್ಲರ ಎದುರಿಗೆ ನಕ್ಕರು. ಎಲ್ಲರು ಎಂದರೆ ನಾನೊಬ್ಬನೇ.

ಬಿಲ್ಲೆ ಇಟ್ಟೆವು. ತೋಳು ಬೀಸಿದೆ. ಪ್ರೆಸ್ಸು ಕೊಟ್ಟ ಸದ್ದೇ ಬೇರೆ ಇತ್ತು. ಮೊದಲಿನ ಹಾಗೆ ತಡವರಿಸದೆ, ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ ಹಾಗೆ. ನಾಣ್ಯವನ್ನು ಹೊರಗೆ ತೆಗೆದರೆ ಹಿತ್ತಾಳೆ ಎಲ್ಲ ಮೂಲೆಗೂ ಓಡಿ ತುಂಬಿತ್ತು. ಸರಪಳಿಯ ಬಳೆಗಳ ಸಂದಿಯಲ್ಲಿ ನೆರಳು ನಿಂತಿತ್ತು. ಮಂಡಕ್ಕಿ ಕಾಳು ಮೀನಿನ ತುಟಿಗೆ ಇನ್ನೇನು ತಗುಲಬೇಕು, ತಗುಲಿರಲಿಲ್ಲ.

ಸಮಾರಂಭದ ದಿನ ನಾವಿಬ್ಬರೂ ಶೃಂಗೇರಿಗೆ ಹೋಗಿದ್ದೆವು. ಅಧ್ಯಕ್ಷರ ಭಾಷಣ ಉದ್ದವಾಯಿತು, ಯಾರೂ ಕೇಳಲಿಲ್ಲ. ಎಲ್ಲರೂ ಕೈಯಲ್ಲಿದ್ದುದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಮಂಡಕ್ಕಿ ಮಾರುವವಳಿಗೂ ಒಂದು ಸಿಕ್ಕಿತ್ತು. "ಮೀನಿಗಿಂತ ಮಂಡಕ್ಕಿ ಚಂದ ಬಂದಿದೆ," ಎಂದಳು. ನನ್ನ ಮಟ್ಟಿಗೆ ಅಂದಿನ ಸನ್ಮಾನ ಅದೇ.

ಮರುದಿನ ಬೆಳಿಗ್ಗೆ ವರ್ಕ್‌ಶಾಪಿನಲ್ಲಿ ಸಾಹೇಬರ ಫೋನು ಹೊಡೆದುಕೊಂಡಿತು. ಫ್ಲೆಕ್ಸ್ ಮೆಷಿನ್ನಿನವನು. ಸಾಹೇಬರಿಗೆ ಜನ್ಮದಲ್ಲಿ ಯಾರಿಗೂ ಇಲ್ಲ ಎನ್ನಲು ಬಂದದ್ದಿಲ್ಲ. ಬೇಡದ ಎರಡು ಇನ್ಶೂರೆನ್ಸು, ಮೂರು ಕುಕ್ಕರು ಮನೆಗೆ ಬಂದದ್ದು ಹಾಗೆಯೇ. ಅವರು ಫೋನನ್ನು ಬಿಸಿ ಕಬ್ಬಿಣದ ಹಾಗೆ ನನ್ನ ಕೈಗೆ ದಾಟಿಸಿದರು.

"ನೀನೇ ಮಾತಾಡು. ಮೂಲೆ ಖಾಲಿ ಇಲ್ಲ ಅಂತ ಹೇಳು. ನನ್ನ ಸ್ವರದಲ್ಲಿ."

ನಾನು ಗಂಟಲು ಇಳಿಸಿದೆ. "ಹಲೋ. ಹಾಂ ಹೇಳಿ ಮಾರಾಯ್ರೇ. ಆ ಮೂಲೆ ಖಾಲಿ ಆಗುದಿಲ್ಲ ಅಲ್ಲ."

"ಈಗ ಬೇಡ ಸಾಹೇಬ್ರೇ, ಮುಂದೆ ಯಾವಾಗಾದ್ರೂ ಖಾಲಿ ಆಗ್ತದಲ್ಲ? ಯಾವಾಗ ಫೋನ್ ಮಾಡ್ಲಿ?"

ಇದಕ್ಕೆ ಸಾಹೇಬರು ಏನೂ ಹೇಳಿಕೊಟ್ಟಿರಲಿಲ್ಲ. ಅವರು ಆ ಕಡೆ ತಿರುಗಿ ಪ್ರೆಸ್ಸಿನ ತಿರುಪಿಗೆ ಎಣ್ಣೆ ಬಿಡುತ್ತಿದ್ದರು. ನನ್ನ ಬಾಯಿಗೆ ಅವರ ಸ್ವರದಲ್ಲಿ, ಅವರು ಆಡದ ಮಾತೊಂದು ಬಂತು.

"ಇಲ್ಲಿ ನಮ್ಮ ಹುಡುಗ ಅಚ್ಚು ಕೊರೀತಾನೆ. ಅವ ಇರುವ ತನಕ ಖಾಲಿ ಆಗುದಿಲ್ಲ."

ಎಣ್ಣೆ ಬಿಡುತ್ತಿದ್ದ ಕೈ ನಿಂತಿತು. ಆ ತುದಿಯವನು ಹಲೋ ಹಲೋ ಎನ್ನತೊಡಗಿದ. ನಾನು ಫೋನಿನ ಬಾಯಿಗೆ ಅಂಗೈ ಒತ್ತಿ ಹಿಡಿದು ನಿಂತೆ.

ಸಾಹೇಬರು ತಿರುಗಿ ನೋಡಲಿಲ್ಲ. ಎಣ್ಣೆಯ ಡಬ್ಬಿಯನ್ನು ಮತ್ತೆ ಬಗ್ಗಿಸಿದರು.

"ಅವನಿಗೆ ಸರಿ ಕೇಳ್ಲಿಲ್ಲ ಅಂತ ಕಾಣ್ತದೆ," ಎಂದರು. "ಇನ್ನೊಂದ್ಸಲ ಹೇಳು."